ತಟ್ಟಿ ಹಾರಿ ತಟ್ಟೆಯಾದದ್ದು

ನನ್ನ ಹೆಸರು ತಿರಕಪ್ಪ. ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಕುಳಿತು ಅರ್ಜಿ ಬರೆಯುವುದು ನನ್ನ ಉದ್ಯೋಗ. ಯಾವ ತಾಲೂಕು ಎಂದು ಮಾತ್ರ ಕೇಳಬೇಡಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕೂ ಕಡೆಯವರು “ತಿರಕಪ್ಪ ನಮ್ಮಾಂವ” ಎಂದು ಇಂದಿಗೂ ಕಾದಾಡುತ್ತಾರೆ. ಒಂದು ಊರಿನ ಹೆಸರು ಹೇಳಿದೆನೆಂದರೆ ಉಳಿದ ಮೂರು ಊರುಗಳಲ್ಲಿ ಅಂಗಡಿಗಳು ಬಂದ್ ಆಗುತ್ತವೆ. ಆ ಪಾಪ ನನಗೆ ಬೇಡ.

ಇಲ್ಲಿಯವರೆಗೆ ನಾನು ಬರೆದ ಅರ್ಜಿಗಳು ನಾಲ್ಕು ಲಕ್ಷ. ಸುಳ್ಳೆನಿಸಿದರೆ ಎಣಿಸಿ ನೋಡಿ. ಒಮ್ಮೆ ಕೊಳವೆಬಾವಿಗಾಗಿ ಬರೆದ ಅರ್ಜಿ ಎಷ್ಟು ರಸವತ್ತಾಗಿತ್ತೆಂದರೆ, ಅದನ್ನಿಟ್ಟ ಕಪಾಟಿನ ತಳದಲ್ಲಿ ನೀರು ಜಿನುಗಿತು. ಇನ್ನೊಮ್ಮೆ ವಿಧವೆಯೊಬ್ಬಳ ಪಿಂಚಣಿಗೆ ಬರೆದದ್ದನ್ನು ಓದಿದ ಸಾಹೇಬರು ಮೇಜು ಬಿಟ್ಟೆದ್ದು ನೇರ ಮನೆಗೆ ಹೋಗಿ ಹೆಂಡತಿಯ ಕ್ಷಮೆ ಕೇಳಿ ಬಂದರು.

ನನ್ನ ಹೆಚ್ಚುಗಾರಿಕೆ ಎಲ್ಲಿದೆಯೆಂದರೆ, ಮಂದಿ ಆಡುವ ಮಾತನ್ನು ನಾನು ಗ್ರಂಥದ ಮಾತಾಗಿ ತಿದ್ದುತ್ತೇನೆ. ಅವರು ಮನಿ ಎಂದರೆ ನಾನು ಮನೆ ಎಂದು ಬರೆಯುತ್ತೇನೆ. ಶಾಲಿ ಶಾಲೆಯಾಗುತ್ತದೆ, ಎಮ್ಮಿ ಎಮ್ಮೆಯಾಗುತ್ತದೆ, ಹೊಳಿ ಹೊಳೆಯಾಗುತ್ತದೆ. ಪದದ ಕೊನೆಯಲ್ಲಿ ಗುಡಿಸು ಕಂಡರೆ ಕಿತ್ತು ಒಗೆದು ಅಲ್ಲಿ ಎತ್ವ ನೆಡುವುದು ನನ್ನ ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಅದಕ್ಕೆ ಕಿವಿಯ ಸಹಾಯವೂ ಬೇಕಿಲ್ಲ, ತಲೆಯ ಸಹಾಯವೂ ಬೇಕಿಲ್ಲ. ಬಾಯಿ ಒಂದು ಕಥೆ ಹೇಳುತ್ತಿರುತ್ತದೆ, ಕೈ ಇನ್ನೊಂದು ಅರ್ಜಿ ಬರೆಯುತ್ತಿರುತ್ತದೆ. ಇಂಥ ಕೈ ಧಾರವಾಡದಿಂದ ಬಳ್ಳಾರಿಯವರೆಗೆ ಇನ್ನೊಂದಿಲ್ಲ.

ಈ ಸಲದ ಮೇ ತಿಂಗಳಲ್ಲಿ ಒಂದು ಸೋಮವಾರ ಸಂಜೆ ಎಂಥ ಗಾಳಿ ಬೀಸಿತು ಎಂಬುದು ನಿಮಗೂ ಗೊತ್ತಿರಬೇಕು. ಹುಲಕೋಟಿಯ ಕೋಳಿಗಳ ಪುಕ್ಕಗಳು ಹಾರಿಹೋಗಿ ಕುರ್ತಕೋಟಿಯ ಕೋಳಿಗಳಿಗೆ ಅಂಟಿಕೊಂಡವು. ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಹಾನಿಗೊಂಡವರ ಸಾಲು ಹತ್ತಿತ್ತು. ಗೋಡೆ ಬಿದ್ದವರು, ತಗಡು ಹಾರಿದವರು, ಎಲ್ಲರೂ ಪರಿಹಾರದ ಯಾದಿಯಲ್ಲಿ ಹೆಸರು ಸೇರಿಸಬೇಕಿತ್ತು. ಯಾದಿ ಶನಿವಾರಕ್ಕೆ ಮುಗಿಯುವುದು.

ಸಾಲಿನಲ್ಲಿ ಹನಮಂತವ್ವನೂ ಇದ್ದಳು. ಕಪ್ಪತಗುಡ್ಡದ ಬುಡದ ಒಂದು ಸಣ್ಣ ಊರಿನವಳು, ಅರವತ್ತರ ಆಸುಪಾಸು, ಸೊಂಟದ ಮೇಲೆ ಕೈಯಿಟ್ಟು ನಿಂತರೆ ಫೌಜದಾರನಂತೆ ಕಾಣುವವಳು. ಅವಳ ಪಾಳಿ ಬಂದಾಗ ನಾನು ಪಕ್ಕದಲ್ಲಿ ಕೀಲಿ ಮಾಡುವ, ಕೊಡೆ ರಿಪೇರಿ ಮಾಡುವ ಯಮನೂರಸಾಬನಿಗೆ ಒಂದು ಮಹತ್ವದ ಸಂಗತಿ ಹೇಳುತ್ತಿದ್ದೆ. ಬೆಂಗಳೂರಿನ ದೊಡ್ಡ ಸಾಹೇಬರೊಬ್ಬರು ನನ್ನ ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ ಸಂಗತಿ ಅದು.

“ಯಪ್ಪಾ, ನನ್ನ ತಟ್ಟಿ ಹಾರಿ ಹೋತ್ರಿ,” ಎಂದಳು ಹನಮಂತವ್ವ. “ಆರ ಮೊಳದ್ದು. ತಗಡ ಬಡದಿದ್ದೆ. ಥಳಥಳ ಹೊಳಕೋಂತ, ಗರಗರ ತಿರಗಿಕೋಂತ, ಗುಡ್ಡದ ಕಡೆ ಹೋತು ನೋಡ್ರಿ. ಈಗ ನಾವು ಬಯಲಿಗೆ ಬಿದ್ದೀವಿ. ಮಗಳು ಗದಗ ದವಾಖಾನ್ಯಾಗ ಹಡದಾಳ, ಶನಿವಾರ ಕೂಸಿನ ತಗೊಂಡು ಬರ್ತಾಳ.”

“ಹೂಂ, ಹೂಂ, ಹೇಳಬೇ,” ಎಂದೆ ನಾನು, ಮತ್ತು ಯಮನೂರಸಾಬನ ಕಡೆ ತಿರುಗಿ, “ಆಮ್ಯಾಲೆ ಸಾಹೇಬ್ರು ಏನಂದ್ರು ಅಂದ್ರ, ತಿರಕಪ್ಪನೋರ, ಈ ಪೆನ್ನು ಮ್ಯೂಸಿಯಮ್ಮಿನಾಗ ಇಡಬೇಕ್ರಿ ಅಂದ್ರು.”

“ಯಾವ ಕಂಪನೀದು ಅದು?” ಎಂದು ಕೇಳಿದ ಯಮನೂರಸಾಬ. ಇವನಿಗೆ ಯಾವ ಸಂಗತಿಯಲ್ಲಿ ಏನು ಕೇಳಬೇಕೆಂದು ತಿಳಿಯುವುದೇ ಇಲ್ಲ.

ಬರೆದು ಮುಗಿಯಿತು. ಹನಮಂತವ್ವ ಹೆಬ್ಬೆಟ್ಟು ಒತ್ತಿ, “ಒಮ್ಮೆ ಓದಿ ಹೇಳ್ರಿ,” ಎಂದಳು.

“ನನ್ನ ಅರ್ಜಿ ನಾ ಓದಂಗಿಲ್ಲಬೇ. ಸಾಹೇಬ್ರು ಓದತಾರ, ಓದಿ ಅಳತಾರ. ನೀ ನಡಿ, ನಿನ್ನ ಕೆಲಸ ಆತು ಅಂತ ತಿಳಕೋ.”

ನನಗೊಂದು ಚಟವಿದೆ. ನನ್ನ ಒಳ್ಳೊಳ್ಳೆಯ ಅರ್ಜಿಗಳ ಫೋಟೋ ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕುತ್ತೇನೆ, ಜನ ಕಲಿಯಲಿ ಎಂದು. ಅಂದು ಹನಮಂತವ್ವನದನ್ನು ಹಾಕಿದೆ. ಅಕ್ಷರಗಳು ಮುತ್ತಿನಂತೆ ಬಿದ್ದಿದ್ದವು, ಅದಕ್ಕೆ. ಒಂದು ತಾಸು ಕಳೆಯಿತೋ ಇಲ್ಲವೋ, ಲಕ್ಷ್ಮೇಶ್ವರದಿಂದ ಶಾನವಾಜನ ಫೋನು ಬಂತು. ಶಾನವಾಜ ‘ಖಬರ ಕಟ್ಟಿ’ ಎಂಬ ಮೊಬೈಲ್ ಚಾನೆಲ್ ನಡೆಸುವ ಹುರುಪಿನ ಆಸಾಮಿ. ವರದಿಗಾರನೂ ಅವನೇ, ಕ್ಯಾಮೆರಾದವನೂ ಅವನೇ, ಎದುರು ಯಾರೂ ಸಿಗದಿದ್ದರೆ ಸಾರ್ವಜನಿಕನೂ ಅವನೇ.

“ತಿರಕಪ್ಪ ಕಾಕಾ, ಇದು ಖರೇನಾ?”

“ನನ್ನ ಕೈಲೆ ಒಂದರ ಸುಳ್ಳು ಬರದಿದ್ದು ನೋಡೀಯೇನಲೇ?”

“ಹಾರುವ ತಟ್ಟೆ ಕಾಕಾ! ಗುಡ್ಡದ ಮ್ಯಾಲೆ ಹಾರುವ ತಟ್ಟೆ!”

ನಾನು ಸ್ಟೇಟಸ್ಸು ತೆಗೆದು ನೋಡಿದೆ. ನನ್ನದೇ ಕೈಬರಹ: ‘ಸೋಮವಾರ ಸಾಯಂಕಾಲ ಅರ್ಜಿದಾರಳ ಮನೆಯ ಬಳಿಯಿಂದ ಆರು ಮೊಳ ಅಗಲದ, ಲೋಹದ ಒಂದು ತಟ್ಟೆಯು ಥಳಥಳನೆ ಹೊಳೆಯುತ್ತ, ಗರಗರನೆ ತಿರುಗುತ್ತ ಗಗನಕ್ಕೇರಿ ಕಪ್ಪತಗುಡ್ಡದ ದಿಕ್ಕಿನಲ್ಲಿ ಅದೃಶ್ಯವಾಗಿರುತ್ತದೆ. ತತ್ಪರಿಣಾಮವಾಗಿ ಅರ್ಜಿದಾರಳು ಬಯಲಿಗೆ ಬಿದ್ದಿರುತ್ತಾಳೆ.’

ಮುದುಕಿ ಏನು ಹೇಳಿದ್ದಳೆಂದು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ನೆನಪಾದದ್ದು ನನ್ನ ವಾಕ್ಯ ಮಾತ್ರ. ಇಂಥ ಗಟ್ಟಿ ವಾಕ್ಯ ಸುಳ್ಳಾಗಿರಲು ಸಾಧ್ಯವಿಲ್ಲ ಎನಿಸಿತು.

“ಮುದುಕೀನ ಎತ್ತಿ ಬಯಲಾಗ ಒಗದೈತಿ ಅಂದ್ರ ಎಷ್ಟು ಫೋರ್ಸ್ ಇರಬೇಕ್ರಿ!” ಎಂದ ಶಾನವಾಜ.

“ಎರಡ ಹೊಲ ದಾಟಿ ಒಗದೈತಿ,” ಎಂದೆ. ಇದು ಯಾಕೆ ಬಂತು ಬಾಯಿಗೆ ಎಂದು ಇವತ್ತಿಗೂ ತಿಳಿದಿಲ್ಲ.

ಬುಧವಾರದ ಹೊತ್ತಿಗೆ ನಾಲ್ಕೂ ತಾಲೂಕುಗಳು ತಲೆ ಮೇಲೆ ಮಾಡಿ ನಡೆಯತೊಡಗಿದವು. ಎಲ್ಲರಿಗೂ ಸೋಮವಾರ ಸಂಜೆ ನೆನಪಾಗತೊಡಗಿತು. ಬೆಟಗೇರಿಯ ನೇಕಾರನೊಬ್ಬ ಮಾಳಿಗೆಯ ಮೇಲೆ ನೂಲು ಒಣಗಿಸುವಾಗ ಕಂಡಿದ್ದನಂತೆ, ಹಸಿರು ಬಣ್ಣದ್ದು. ಕಳಸಾಪುರದವರಿಗೆ ಅದು ಕೆಂಪಗೆ ಕಂಡಿತ್ತು. ಶಿರಹಟ್ಟಿಯ ಕಡೆಯವರು ಬಣ್ಣದ ಗೊಡವೆಗೇ ಹೋಗದೆ, ಅದರಿಂದ ಒಗ್ಗರಣೆಯ ವಾಸನೆ ಬಂತು ಎಂದರು. ನನ್ನ ಪಕ್ಕದಲ್ಲೇ ಕುಳಿತು ಹನಮಂತವ್ವನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಯಮನೂರಸಾಬ ಕೂಡ ಒಂದು ಮಧ್ಯಾಹ್ನ ಕೀಲಿ ಉಜ್ಜುವುದನ್ನು ನಿಲ್ಲಿಸಿ, “ದೋಸ್ತಾ, ನಾನೂ ಕಂಡೀನಿ,” ಎಂದ.

“ಎಲ್ಲಿ?”

“ಮ್ಯಾಲೆ.”

“ಹೆಂಗಿತ್ತು?”

“ನೀ ಬರದಂಗ ಇತ್ತು.”

ಗುರುವಾರ ನಾನೂ ಕಂಡೆ. ಅಂದರೆ ಸೋಮವಾರ ಕಂಡದ್ದು ಗುರುವಾರ ಹೊಳೆಯಿತು. ಶಾನವಾಜನ ಕ್ಯಾಮೆರಾದ ಎದುರು ಹೇಳುತ್ತ ಹೇಳುತ್ತ ತಟ್ಟೆಗೆ ಕಿಟಕಿಗಳು ಬಂದವು, ಕಿಟಕಿಯಲ್ಲಿ ಯಾರೋ ಕುಳಿತರು, ಕುಳಿತವರು ನನ್ನ ಕಡೆ ಕೈ ಬೀಸಿದರು. ಅವರು ಏನು ಹೇಳುವವರಿದ್ದರೋ ಅದನ್ನೂ ಹೇಳಿಬಿಡುತ್ತಿದ್ದೆ, ಆದರೆ ಶಾನವಾಜನ ಮೊಬೈಲಿನ ಚಾರ್ಜು ಮುಗಿಯಿತು.

ಇಷ್ಟರಲ್ಲಿ ಹುಲಕೋಟಿಯಿಂದ ಹೊಳೆಯಪ್ಪ ಮಾಸ್ತರರು ಬಂದರು. ನಿವೃತ್ತ ವಿಜ್ಞಾನ ಶಿಕ್ಷಕರು. ಕೈಯಲ್ಲಿ ದಿಕ್ಸೂಚಿ, ಕಿಸೆಯಲ್ಲಿ ಇನ್ನೂರು ಹಾಳೆಯ ನೋಟುಬುಕ್ಕು. “ಎಲ್ಲಾದಕ್ಕೂ ಕಾರಣ ಇರ್ತೈತಿ,” ಎಂದು ಬೇವಿನ ಕಟ್ಟೆಯ ಮೇಲೆ ಕುಳಿತರು. ಮಾಗಡಿ ಕೆರೆಗೆ ಬರುವ ಬಾತುಗಳ ಹಿಂಡು ಬಿಸಿಲಿಗೆ ಹೊಳೆದಿರಬೇಕು ಎಂದರು.

“ಮಾಸ್ತರ, ಬಾತುಗೋಳು ಮಾರ್ಚಿನಾಗ ಹೊಳ್ಳಿ ಹೋಗ್ಯಾವ್ರಿ,” ಎಂದ ಯಮನೂರಸಾಬ.

ಮಾಸ್ತರರು ಬಾತುಗಳನ್ನು ಹೊಡೆದುಹಾಕಿ ಗಾಳಿಯಂತ್ರದ ರೆಕ್ಕೆ ಎಂದು ಬರೆದರು. ಗಾಳಿಯಂತ್ರ ಗುಡ್ಡ ಬಿಟ್ಟು ಹಾರುವುದಿಲ್ಲ. ಅದನ್ನೂ ಹೊಡೆದರು. ಔಷಧ ಸಿಂಪಡಿಸುವ ಡ್ರೋನ್ ಎಂದರು. ಆ ಗಾಳಿಯಲ್ಲಿ ಡ್ರೋನ್ ಹಾರಿಸುವವನು ಡ್ರೋನಿನ ಜೊತೆ ತಾನೂ ಹಾರಿಹೋಗುತ್ತಿದ್ದ. ಅದೂ ಹೋಯಿತು. ಸಂಜೆಯ ಹೊತ್ತಿಗೆ ನೋಟುಬುಕ್ಕಿನಲ್ಲಿ ಬರೆದದ್ದಕ್ಕಿಂತ ಹೊಡೆದದ್ದೇ ಹೆಚ್ಚಾಗಿತ್ತು. ಬರುವಾಗ ತಟ್ಟೆ ಸುಳ್ಳು ಎಂದಿದ್ದ ಮಾಸ್ತರರು, ಹೋಗುವಾಗ, “ಏನರೇ ಇದ್ದೇ ಐತಿ ಬಿಡ್ರಿ,” ಎಂದು ತಲೆ ತುರಿಸಿಕೊಳ್ಳುತ್ತ ಬಸ್ಸು ಹತ್ತಿದರು.

ಶುಕ್ರವಾರ ಮಧ್ಯಾಹ್ನ ಹನಮಂತವ್ವ ಮತ್ತೆ ಬಂದಳು. ತಲೆ ಕೆದರಿತ್ತು, ಕಣ್ಣು ಕೆಂಪಾಗಿದ್ದವು. ಕಟ್ಟೆಯ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟಳು.

“ನನ್ನ ತಟ್ಟಿ ಏನಾತು?”

“ಯವ್ವಾ, ಅದು ಸಣ್ಣ ಮಾತಲ್ಲ. ಶ್ಯಾಣ್ಯಾ ಶ್ಯಾಣ್ಯಾ ಮಂದಿ ತಲಿ ಕೆಡಿಸಿಕೊಂಡಾರ. ಬ್ಯಾರೆ ಲೋಕದ್ದು ಅಂತ ಹೇಳಾಕತ್ತಾರ.”

“ಬ್ಯಾರೆ ಲೋಕದ್ದು ಯಾಕ ಆಕ್ಕೈತಿ? ನಾನ ಕಟ್ಟೀನಿ ಅದನ್ನ.”

ಯಮನೂರಸಾಬನ ಕೈಯೊಳಗಿನ, ಕೀಲಿ ಉಜ್ಜುವ ಅರ ನಿಂತಿತು.

“ನೀ ಕಟ್ಟೀಯಾ?” ಎಂದೆ.

“ಮತ್ತ ನಿಮ್ಮಪ್ಪ ಕಟ್ಯಾನೇನು? ನಾಕ ಬಿದರ ಗಳ, ಒಂದ ಹೊರಿ ತೊಗರಿ ಕಟಗಿ, ಹಗ್ಗ. ಗಾಳಿ ಹೊಗಬಾರದಂತ ಎಣ್ಣಿ ಡಬ್ಬಿ ಬಿಚ್ಚಿ ತಗಡ ಬಡದೀನಿ.”

“ತೊಗರಿ ಕಟಗಿಲೆ ಹಾರುವ ತಟ್ಟೆ ಮಾಡೀ?”

“ಹಾರಲಿ ಅಂತ ಮಾಡಿಲ್ಲೋ! ಬಚ್ಚಲಕ್ಕ ಮರಿ ಇರಲಿ, ಎರಕೊಳ್ಳೋರು ಕಾಣಬಾರದು ಅಂತ ಮಾಡೀನಿ. ಹಾರಿದ್ದು ಅದರ ಹಣೇಬಾರ. ಅಲ್ಲಾ, ತಟ್ಟೆ ತಟ್ಟೆ ಅಂತೀಯಲ್ಲ, ಏನದು?”

ನಾನು ಎಡ ಅಂಗೈ ಚಾಚಿ ಬಲಗೈಯಿಂದ ತುತ್ತು ಮಾಡಿ ತೋರಿಸಿದೆ.

ಹನಮಂತವ್ವ ನನ್ನ ಅಂಗೈ ನೋಡಿದಳು, ನನ್ನ ಮುಖ ನೋಡಿದಳು. “ಗಂಗಾಳಾ?” ಎಂದಳು. “ನಾ ತಟ್ಟಿ ಹಾರಿತು ಅಂತ ಹೇಳಿದ್ರ ನೀ ಗಂಗಾಳ ಹಾರಿತು ಅಂತ ಬರದೀಯಾ? ನಮ್ಮ ಕಡೆ ಗಂಗಾಳಕ್ಕ ಯಾರ ಹಂಗ ಅಂತಾರೋ? ನಿಮ್ಮವ್ವ ನಿನಗ ಗಂಗಾಳದಾಗ ಹಾಕಿಲ್ಲೇನು ಉಣ್ಣಾಕ?”

ಹಾಕಿದ್ದಳು. ಐವತ್ತೈದು ವರ್ಷ ನಾನು ಗಂಗಾಳದಲ್ಲೇ ಉಂಡಿದ್ದೇನೆ. ತಟ್ಟೆ ಎಂಬುದು ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ, ಪುಸ್ತಕದಲ್ಲಿ ಮಾತ್ರ ಇದೆ. ತಟ್ಟಿಯ ಗುಡಿಸು ಕಿತ್ತು ಎತ್ವ ಕೊಟ್ಟವನು ನಾನು. ಆ ಎತ್ವ ಹತ್ತಿ ಅದು ಆಕಾಶಕ್ಕೆ ಹೋಗಿತ್ತು.

“ನಾನೂ ತಟ್ಟಿ ಅಂತನ ಕೇಳಿದ್ದೆ,” ಎಂದ ಯಮನೂರಸಾಬ ಮೆಲ್ಲಗೆ.

“ಮತ್ತ ಕಂಡೀನಿ ಅಂದೆಲ್ಲಲೇ!”

“ಕಂಡೂ ಕಂಡೀನಿ,” ಎಂದ. ಅವನ ಮುಖ ನೋಡಿದರೆ ಸುಳ್ಳು ಹೇಳುತ್ತಿರುವವನಂತೆ ಕಾಣಲಿಲ್ಲ.

ಹನಮಂತವ್ವ ಕಟ್ಟೆಯ ತುದಿಯಲ್ಲಿ ಕುಸಿದು ಕುಳಿತಳು. ದನಿ ಇಳಿಯಿತು.

“ಮೂರ ದಿನ ಆತು, ನಮ್ಮ ಮನಿ ಮುಂದ ಜಾತ್ರಿ ಆಗೇತಿ. ಮಂದಿ ಬರ್ತಾರ, ಬಚ್ಚಲಗಲ್ಲಿನ ಮ್ಯಾಲೆ ನಿಂತು ಫೋಟೋ ಹೊಡಕೋತಾರ. ಸೀರಿ ಕಟ್ಟಿದೆ, ಗುಡ್ಡದ ಗಾಳಿ ಬಿಚ್ಚಿ ಒಗೀತು. ಮತ್ತ ಕಟ್ಟಿದೆ, ಮತ್ತ ಒಗೀತು. ಮೂರ ದಿನದಿಂದ ನಾ ಮೈ ತೊಳಕೊಂಡಿಲ್ಲ. ನಾಳೆ ಮಗಳು ಭಾಗ್ಯಾ ಬರ್ತಾಳ. ದವಾಖಾನಿಯಿಂದ ಬಂದ ಬಾಣಂತಿ ಎರಕೊಳ್ಳದ ಹೊಸ್ತಲಾ ದಾಟಂಗಿಲ್ಲ ನಮ್ಮನ್ಯಾಗ. ಹಸಿ ಬಾಣಂತೀನ ಇಷ್ಟ ಮಂದಿ ಮುಂದ ಎಲ್ಲಿ ಕುಂಡ್ರಿಸಿ ಎರೀಲಿ? ನಿನ್ನ ತಲಿ ಮ್ಯಾಲಾ?”

ನಾಲ್ಕು ಲಕ್ಷ ಅರ್ಜಿ ಬರೆದ ನಾನು ಪೆನ್ನಿನ ಮುಚ್ಚಳ ತೆಗೆದೆ.

ಹೊಸ ಹಾಳೆ ತೆಗೆದು ಮತ್ತೆ ಬರೆದೆ. ಈ ಸಲ ಬಾಯಿ ಮುಚ್ಚಿಕೊಂಡು ಬರೆದೆ. ಗಾಳಿ ಎಂದು ಬರೆದೆ, ಮಳೆ ಎಂದು ಬರೆದೆ, ಮೊದಲಿನದರಲ್ಲಿ ಈ ಎರಡೂ ಪದಗಳೇ ಇರಲಿಲ್ಲ. ‘ಬಚ್ಚಲದ ತಟ್ಟಿ’ ಎಂದು ಬರೆದು ಗುಡಿಸನ್ನು ಎರಡು ಸಲ ತಿದ್ದಿ ದಪ್ಪ ಮಾಡಿದೆ. ಓದಿ ಹೇಳಿದೆ. ಅವಳು ಎರಡು ಕಡೆ ತಪ್ಪು ಹಿಡಿದಳು, ತಿದ್ದಿದೆ. ಕಚೇರಿಯಲ್ಲಿ ಕೊಟ್ಟು, “ಇದು ತಟ್ಟಿ, ಅದು ತಟ್ಟೆ ಅಲ್ಲ, ನನ್ನ ಕೈ ತಪ್ಪು,” ಎಂದು ಹೇಳಿದಾಗ ಅಲ್ಲಿದ್ದವರು ನಾಳೆ ಬೆಳಿಗ್ಗೆಯೇ ಊರ ಲೆಕ್ಕ ನೋಡುವ ತಲಾಟಿ ಸೀಮಾ ಮೇಡಂ ಪಂಚನಾಮೆಗೆ ಬರುತ್ತಾರೆ ಎಂದರು. ಕೈ ತಪ್ಪು ಎಂಬ ಎರಡು ಪದ ನನ್ನ ಬಾಯಿಂದ ಹೊರಟದ್ದು ಅದೇ ಮೊದಲು. ಕಚೇರಿಯ ಫ್ಯಾನು ಕೂಡ ಒಂದು ಕ್ಷಣ ನಿಂತು ಕೇಳಿತು.

ಶನಿವಾರ ಯಮನೂರಸಾಬನ ಸ್ಕೂಟರಿನ ಹಿಂದೆ ಕುಳಿತು ಹನಮಂತವ್ವನ ಊರಿಗೆ ಹೋದೆ. ಅಬಬಬ! ಹತ್ತು ಸಾವಿರ ಜನ. ನೂರೈವತ್ತು ಎಂದು ಯಮನೂರಸಾಬ ಹೇಳುತ್ತಾನೆ, ಅವನಿಗೆ ಕಣ್ಣು ಸರಿ ಇಲ್ಲ. ಮಂಡಕ್ಕಿ-ಮಿರ್ಚಿಯ ಗಾಡಿ ಬಂದು ನಿಂತಿತ್ತು. ಶಾನವಾಜ ಎರಡು ಕಂಬಗಳ ನಡುವೆ ಹತ್ತು ಅಡಿ ಉದ್ದದ ಫ್ಲೆಕ್ಸ್ ಬ್ಯಾನರು ಕಟ್ಟಿಸಿದ್ದ. ‘ಹಾರುವ ತಟ್ಟೆ ಕಂಡ ಪುಣ್ಯಸ್ಥಳ’ ಎಂದು ದೊಡ್ಡ ಅಕ್ಷರ. ಒಂದು ಬದಿಗೆ ತಟ್ಟೆ, ಇನ್ನೊಂದು ಬದಿಗೆ ಹಂಡೆಯಷ್ಟು ದೊಡ್ಡ ನನ್ನ ಮುಖ. ನಗುತ್ತಿತ್ತು.

ಮನೆಯ ಬದಿಗೆ ಬಚ್ಚಲಗಲ್ಲು ಬಟಾಬಯಲಾಗಿ ಬಿದ್ದಿತ್ತು. ಮೂರು ಕಡೆ ಮೋಟು ಗೋಡೆ, ಮುಂದೆ ತಟ್ಟಿ ಇರಬೇಕಾದಲ್ಲಿ ಎರಡು ಗೂಟ. ಪಕ್ಕದ ಒಲೆಯ ಮೇಲೆ ನೀರು ಕಾಯುತ್ತಿತ್ತು. ಕಲ್ಲಿನ ಸುತ್ತ ಮಂದಿ ಮೊಬೈಲು ಎತ್ತಿ ನಿಂತಿದ್ದರು.

ನಾನು ಮಂಡಕ್ಕಿ ಗಾಡಿಯ ಮೇಲೆ ಹತ್ತಿದೆ. “ಕೇಳ್ರೆಪಾ! ತಟ್ಟೆ ಗಿಟ್ಟೆ ಏನಿಲ್ಲ. ಬಚ್ಚಲ ತಟ್ಟಿ ಗಾಳಿಗೆ ಹಾರೇತಿ. ನಾ ತಪ್ಪ ಬರದೀನಿ. ನಿಮ್ಮ ನಿಮ್ಮ ಮನಿಗೆ ಹೋಗ್ರಿ!”

ಎಲ್ಲರೂ ನಗತೊಡಗಿದರು.

“ಕಾಕಾ, ಯಾರ ಹೆದರಿಸ್ಯಾರ ನಿಮಗ?” ಎಂದು ಶಾನವಾಜ ಮೈಕು ಮೂತಿಗೆ ಹಿಡಿದ. “ಮ್ಯಾಲಿಂದ ಏನರ ಒತ್ತಡ ಬಂದೈತೇನು?”

“ಒತ್ತಡಿಲ್ಲಲೇ, ಗುಡಿಸು! ಗುಡಿಸು ತಪ್ಪೈತಿ!”

“ಗುಡಿಸಲಾನೂ ಹಾರೇತಂತ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಹೊಳೆಯಪ್ಪ ಮಾಸ್ತರರು ಗುಂಪು ಸೀಳಿಕೊಂಡು ಬಂದರು. ಇವರಾದರೂ ನನ್ನ ಪರವಾಗಿ ಮಾತಾಡುತ್ತಾರೆಂದು ಕೈ ಮುಗಿದೆ. ಅವರು ನೋಟುಬುಕ್ಕು ತೆರೆದರು. “ತಟ್ಟಿ ಅಂಬೂದನ್ನೂ ನಾ ವಿಚಾರ ಮಾಡೀನಿ. ಆಗಾಕ ಸಾಧ್ಯಿಲ್ಲ. ಸೋಮವಾರದ ಗಾಳಿ ಗುಡ್ಡದಿಂದ ಈ ಕಡೆ ಬೀಸಿತ್ತು. ಗುಡ್ಡದ ಕಡೆ ಹೋಗಬೇಕಾದ್ರ ತಟ್ಟಿ ಗಾಳಿಗೆ ಎದುರಾಗಿ ಹಾರಬೇಕು. ತೊಗರಿ ಕಟಗಿಗೆ ಎಂಜಿನ್ ಇರ್ತೈತೇನು?”

ಎಲ್ಲರೂ ಹನಮಂತವ್ವನ ಕಡೆ ತಿರುಗಿದರು.

“ನನಗೇನ ಗೊತ್ತು?” ಎಂದಳು ಅವಳು, ಒಲೆಗೆ ಕಟ್ಟಿಗೆ ಒಟ್ಟುತ್ತ. “ಗುಡ್ಡದ ಕಡೇನ ಹೋತು. ನಾ ಈ ಕಣ್ಲೆ ನೋಡೀನಿ.”

ನನ್ನ ತಲೆಯಲ್ಲಿ ಜೇನುಹುಳ ಹೊಕ್ಕಂತಾಯಿತು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಇಬ್ಬರು ಕುರಿಗಾರರು ಮುರಿದ ತಟ್ಟಿಯೊಂದನ್ನು ಎಳೆದುಕೊಂಡು ಬಂದರು. ಅರ್ಧ ಚಪ್ಪಟೆ, ಅಲ್ಲಲ್ಲಿ ತಗಡು. ಮೇಲಿನ ಜಾಲಿಗಿಡದಲ್ಲಿ ಸಿಕ್ಕಿಬಿದ್ದಿತ್ತಂತೆ. ನಾನು ಗಾಡಿಯಿಂದ ಜಿಗಿದು ಬಂದು ಅದನ್ನು ಅಪ್ಪಿಕೊಂಡೇ ಬಿಟ್ಟೆ. “ನೋಡ್ರಿ ಮಾಸ್ತರ! ಗುಡ್ಡದ ಕಡೇನ ಹೋಗಿತ್ತು! ಸಿಕ್ತು! ಮುಗೀತು!”

ಹನಮಂತವ್ವ ಸೀರೆಗೆ ಕೈ ಒರೆಸುತ್ತ ಬಂದಳು. ಬಗ್ಗಿ ಒಂದೊಂದೇ ಗಂಟು ಮುಟ್ಟಿ ನೋಡಿದಳು.

“ನನ್ನದಲ್ಲ ಇದು.”

“ಯವ್ವಾ, ಸರಿ ನೋಡು.”

“ನಾ ಬಲಗೈಲೆ ಗಂಟ ಹಾಕ್ತೀನಿ. ಇದನ್ನ ಕಟ್ಟಿದಾಕಿ ಎಡಚಿ ಅದಾಳ. ನಂದು ಗುಂಡಗಿನ ಡಬ್ಬಿ ತಗಡ, ಇದು ಚೌಕ ಡಬ್ಬೀದು. ಯಾರದೋ ಏನೋ, ತಗೊಂಡ ಹೋಗಿ ಇದ್ದಲ್ಲೆ ಇಡ್ರಿ. ಪಾಪ, ಹುಡಕ್ಕೋಂತ ಬಂದಾಳು.”

ಯಾರ ತಟ್ಟಿ? ಸುತ್ತ ನಿಂತ ನಾಲ್ಕು ಹಳ್ಳಿಯವರನ್ನು ಕೇಳಿದರೂ ಯಾರೂ ತಟ್ಟಿ ಕಳೆದುಕೊಂಡಿರಲಿಲ್ಲ. ಹಾಗಾದರೆ ಇವಳದು ಎಲ್ಲಿಗೆ ಹೋಯಿತು? ಇದು ಎಲ್ಲಿಂದ ಬಂತು? ಮಾಸ್ತರರು ನೋಟುಬುಕ್ಕಿನಲ್ಲಿ ಏನೋ ಬರೆದರು, ಹೊಡೆದರು, ಕೊನೆಗೆ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಯಮನೂರಸಾಬ ನನ್ನ ಕಿವಿಯಲ್ಲಿ, “ಸೋಮಾರ ನಾ ಕಂಡಿದ್ದು ಎರಡ ಇದ್ವು ಅಂತ ಕಾಣ್ತೈತಿ,” ಎಂದ.

ತಲಾಟಿ ಸೀಮಾ ಮೇಡಂ ಸ್ಕೂಟಿಯ ಮೇಲೆ ಬಂದಾಗ ಅವರಿಗೂ ಮಂದಿ ದಾರಿ ಬಿಡಲಿಲ್ಲ. ಹೇಗೋ ಒಳಗೆ ಬಂದು ಟೇಪು ಹಿಡಿದು ಅಳತೆ ತೆಗೆದರು, ಫೋಟೋ ತೆಗೆದರು, ಹನಮಂತವ್ವನ ಹೆಬ್ಬೆಟ್ಟು ತೆಗೆದುಕೊಂಡರು. “ಅವ್ವಾ, ನಿಮ್ಮ ಹೆಸರು ಯಾದಿಯೊಳಗ ಬಂತು. ಆದ್ರ ತಗಡ ಬರಾಕ ಒಂದ ತಿಂಗಳರ ಹಿಡಿತೈತಿ,” ಎಂದರು.

“ಒಂದ ತಿಂಗಳಾ?” ಎಂದಳು ಹನಮಂತವ್ವ. ಮುಂದಿನ ಮಾತು ಆಡುವಷ್ಟರಲ್ಲಿ ಊರ ಹೊರಗೆ ಆಟೋದ ಹಾರ್ನು ಕೇಳಿಸಿತು.

ಭಾಗ್ಯಾ ಬಂದಿದ್ದಳು. ತಲೆಗೆ ಸ್ಕಾರ್ಫು ಬಿಗಿದುಕೊಂಡು, ಕೂಸನ್ನು ಮಡಿಲಲ್ಲಿ ಹಿಡಿದು ಆಟೋದಲ್ಲಿ ಕುಳಿತಿದ್ದಳು. ಮನೆಯ ಮುಂದಿನ ಗದ್ದಲ ಕಂಡು, ಏನೋ ಕೆಟ್ಟದ್ದೇ ನಡೆದಿರಬೇಕೆಂದು ತಿಳಿದು, “ಯವ್ವಾ, ಏನಾತಬೇ? ಯಾರಿಗೇನಾತು?” ಎಂದು ಅಳುವ ದನಿಯಲ್ಲಿ ಕೂಗಿದಳು. ಮಂದಿ ಆಟೋ ಮುತ್ತಿದರು. ‘ತಟ್ಟೆ ಹಾರಿದ ಮನಿ ಕೂಸು’ ಎಂದು ಮೊಬೈಲುಗಳು ಒಳಗೆ ತೂರಿದವು. ಕೂಸು ಕಿರುಚತೊಡಗಿತು.

ಹನಮಂತವ್ವ ಕುದಿಯುವ ನೀರಿನ ಪಕ್ಕದಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಸೀರೆ. ಕಟ್ಟಲು ನೋಡಿದಳು, ಗಾಳಿ ಅದನ್ನು ಅವಳ ಮುಖಕ್ಕೇ ಸುತ್ತಿತು. ಅದನ್ನು ಬಿಡಿಸಿಕೊಂಡು ನನ್ನ ಕಡೆ ನೋಡಿದಳು.

ನಾನು ಹೋಗಿ ಬ್ಯಾನರಿನ ಹಗ್ಗ ಬಿಚ್ಚತೊಡಗಿದೆ.

“ಕಾಕಾ! ಕಾಕಾ, ಏನ ಮಾಡಾಕತ್ತೀರಿ? ಲೈವ್ ನಡದೈತಿ!” ಎಂದು ಶಾನವಾಜ ಓಡಿಬಂದ.

“ಕುಡಗೋಲ ಕೊಡಲೇ, ಗಂಟ ಬಿಗದೈತಿ.”

“ನಿಮ್ಮದ ಫೋಟೋ ಐತ್ರಿ ಅದರಾಗ!”

“ಅದಕ್ಕ ಬಿಚ್ಚಾಕತ್ತೀನಿ. ಬ್ಯಾರೇದವರದು ಇದ್ರ ಕೇಳಬೇಕಿತ್ತು.”

ಯಮನೂರಸಾಬ ಕಿಸೆಯಲ್ಲಿದ್ದ ಅರ ಹಾಕಿ ಎರಡೇ ಎಳೆತಕ್ಕೆ ಹಗ್ಗ ತುಂಡು ಮಾಡಿದ. ಇಬ್ಬರೂ ಹೊತ್ತು ತಂದೆವು. ಮುಖದ ಬದಿ ಒಳಗೆ ಬರುವಂತೆ ಕಟ್ಟಲು ಹೋದಾಗ ಹನಮಂತವ್ವ ಕೂಗಿದಳು: “ಏ, ಹೊಳ್ಳಿಸೋ! ನಿನ್ನ ಹಲ್ಲ ಹೊರಗಿರಲಿ. ಒಳಗ ಹೆಣ್ಮಕ್ಕಳು ಎರಕೋತಾರ, ನೀ ಅಲ್ಲಿ ಹಂಡಿಯಂಥಾ ಮಾರಿ ತಗೊಂಡು ನಕ್ಕೋಂತ ನಿಂದ್ರತೀಯೇನು?”

ಭಾಗ್ಯಾ ಆಟೋದಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಫಕ್ಕನೆ ನಕ್ಕಳು.

ಹೊಳ್ಳಿಸಿ ಕಟ್ಟಿದೆವು. ಒಂದು ಬದಿ ಗೂಟಕ್ಕೆ ಬಿಗಿಯಾಯಿತು. ಇನ್ನೊಂದು ಬದಿಗೆ ಹಗ್ಗ ಸಾಲಲಿಲ್ಲ. ಗುಡ್ಡದ ಗಾಳಿ ಅದನ್ನು ಪಟಪಟ ಬಡಿಯತೊಡಗಿತು. ನಾನು ಆ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಚ್ಚಲಕ್ಕೆ ಬೆನ್ನು ಮಾಡಿ ನಿಂತೆ. ಬ್ಯಾನರು ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಸೀಮಾ ಮೇಡಂ ಭಾಗ್ಯಾಳನ್ನು ಕೈ ಹಿಡಿದು ಒಳಗೆ ಕರೆದೊಯ್ದರು. ನನ್ನ ಬೆನ್ನ ಹಿಂದೆ ನೀರು ತೋಡುವ ಸದ್ದು ಕೇಳಿತು, ಬಿಸಿ ಎಣ್ಣೆಯ ವಾಸನೆ ಬಂತು. ಮುಂದೆ ನೂರೈವತ್ತು ಜನ ಮೊಬೈಲು ಹಿಡಿದು ನನ್ನನ್ನೇ ನೋಡುತ್ತಿದ್ದರು, ಕೆಳಗೆ ನಗುವ ತಿರಕಪ್ಪ, ಮೇಲೆ ನಗದ ತಿರಕಪ್ಪ.

ಆಗ ಹೊಳೆಯಪ್ಪ ಮಾಸ್ತರರು ಬಾಯಿ ತೆರೆದರು. ನನ್ನ ತಲೆಯ ಮೇಲಿಂದ, ಗುಡ್ಡದ ಕಡೆ ನೋಡುತ್ತ, “ಅದೇನದು?” ಎಂದರು.

ಎಲ್ಲರ ಮೊಬೈಲುಗಳೂ ಒಟ್ಟಿಗೇ ಮೇಲೆದ್ದವು. ನೂರೈವತ್ತು ಮುಖಗಳ ಮೇಲೆ ಏನೋ ಥಳಕ್ಕೆಂದು ಹೊಳೆದು ಹೋಯಿತು. ಯಮನೂರಸಾಬ ಎರಡು ಹೆಜ್ಜೆ ಹಿಂದೆ ಸರಿದ. ಮಂಡಕ್ಕಿಯವನು ಎಣ್ಣೆಯಲ್ಲಿ ಬಿಟ್ಟ ಮಿರ್ಚಿಯನ್ನು ಮರೆತ.

“ಏನೈತಲೇ?” ಎಂದೆ.

ಮೊಬೈಲುಗಳು ಇನ್ನೂ ಒಂದು ಗೇಣು ಮೇಲೇರಿದವು.

“ಯಮನೂರಾ! ತಟ್ಟಿಯೋ, ತಟ್ಟೆಯೋ? ಹೇಳಲೇ!”

“ತಡಿ, ನೋಡಾಕತ್ತೀನಿ,” ಎಂದ, ಕತ್ತು ಎತ್ತಿಯೇ.

ಹೊಳ್ಳಿ ನೋಡಬೇಕೆಂದರೆ ಒಂದು ಅರೆಗಳಿಗೆಯ ಕೆಲಸ. ಕುತ್ತಿಗೆ ತಾನಾಗಿಯೇ ತಿರುಗಲು ಹೊರಟಿತ್ತು. ಆದರೆ ಗುಡ್ಡ ಇದ್ದದ್ದು ಬಚ್ಚಲದ ಆಚೆ. ಗುಡ್ಡ ನೋಡುವ ಕಣ್ಣು ಮೊದಲು ಬ್ಯಾನರಿನ ಒಳಗೆ ಬೀಳುತ್ತಿತ್ತು.

“ಯಾಕ ಎಲ್ಲಾರೂ ಸುಮ್ಮನಾದ್ರು?” ಎಂದಳು ಹನಮಂತವ್ವ ಒಳಗಿನಿಂದ.

“ಏನೋ ಹಾರಾಕತ್ತೈತಂತ.”

“ಹಾರಲಿ. ನೀ ಹೊಳ್ಳಿದಿ ಅಂದ್ರ ಕಾದ ನೀರ ಮಾರಿಗೆ ಬರ್ತೈತಿ ನೋಡು.”

ಗಾಳಿ ಜೋರಾಯಿತು. ಬ್ಯಾನರಿನ ಮೂಲೆ ಕೈಯಿಂದ ಜಾರತೊಡಗಿತು, ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡೆ. ಕೂಸಿಗೆ ನೀರು ಬಿದ್ದಿರಬೇಕು, ಜೀವ ಹೋದಂತೆ ಅತ್ತು, ಒಮ್ಮೆಲೇ ಸುಮ್ಮನಾಯಿತು. ಮುಂದೆ ನಿಂತವರೆಲ್ಲ ಕಣ್ಣು ಕಿರಿದು ಮಾಡಿ ಆಕಾಶ ನೋಡುತ್ತಿದ್ದರು. ಒಬ್ಬರೂ ಬಚ್ಚಲದ ಕಡೆ ನೋಡುತ್ತಿರಲಿಲ್ಲ. ನಾನು ಅವರ ಮುಖಗಳನ್ನೇ ಒಂದೊಂದಾಗಿ ನೋಡುತ್ತ, ಯಾವುದರಲ್ಲಾದರೂ ಏನಾದರೂ ತಿಳಿಯುವುದೇನೋ ಎಂದು ಹುಡುಕಿದೆ.

“ಆತೇನಬೇ?” ಎಂದು ಕೇಳಿದೆ.

“ಇನ್ನ ಎರಡ ತಂಬಗಿ ಐತಿ. ಗಟ್ಟಿ ಹಿಡಿ.”